ಕಿವಿ ಕೇಳದ ಕಂದನ ಜೊತೆ ಚೆಂಡಾಟ: ಹೀಗೆ ಆಡಿಸಿ

ಕೇಳುವ ಮಗು ಚೆಂಡನ್ನು ನೋಡುತ್ತಲೇ ‘ಚೆಂಡು’ ಎಂಬ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತದೆ. ಕಿವಿ ಕೇಳದ, ಮಂದವಾಗಿ ಕೇಳುವ ಮಗುವಿಗೆ ಆ ಅನುಕೂಲವಿಲ್ಲ. ಸನ್ನೆಯಾಗಲಿ ತುಟಿಯಾಗಲಿ ಕಾಣಬೇಕೆಂದರೆ ಚೆಂಡಿನಿಂದ ಕಣ್ಣು ತೆಗೆಯಲೇಬೇಕು. ಆಟ ಕೆಡುವುದು ಇಲ್ಲೇ: ಮಗು ಕಣ್ಣೆತ್ತುವಷ್ಟರಲ್ಲಿ ದೊಡ್ಡವರು ಹೇಳಿ ಮುಗಿಸಿರುತ್ತಾರೆ. ಒಂದರಿಂದ ಮೂರು ವರ್ಷದವರಿಗೆ ಒಗ್ಗುವ ಚೆಂಡಾಟವನ್ನೇ ತೆಗೆದುಕೊಳ್ಳೋಣ.

ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಬಣ್ಣದ ಚೆಂಡು, ಒಂದು ಟವೆಲ್ ಸಾಕು. ಟಿವಿ ಆರಿಸಿ, ಮಿಕ್ಸಿ ಕುಕ್ಕರಿನ ಕೆಲಸ ಮುಗಿಸಿ ಕೂರಿ. ಶ್ರವಣಯಂತ್ರ ಮಾತಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಕಿಟಕಿಗೆ ಬೆನ್ನು ಹಾಕಬೇಡಿ, ನಿಮ್ಮ ಮುಖ ಕತ್ತಲಾಗುತ್ತದೆ.

ಯಂತ್ರ ಹಾಕುವ ಮಗುವಾದರೆ, ಯಂತ್ರ ಸರಿಯಿದೆಯೇ ಎಂದು ನೋಡಲು, ತುಟಿ ಕಾಣದಂತೆ ತೆಳುಬಟ್ಟೆ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ದನಿಗಳನ್ನು ಒಂದೊಂದಾಗಿ ಹೇಳಿ. ನಿನ್ನೆ ತಿರುಗಿದ ದನಿಗೆ ಇವತ್ತು ತಿರುಗದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಮೋಲ್ಡಿನಲ್ಲಿ (ಕಿವಿಯ ಅಳತೆಗೆ ಮಾಡಿದ, ಕಿವಿಯೊಳಗೆ ಕೂರುವ ಭಾಗ) ಕಟ್ಟಿಕೊಂಡ ಗುಗ್ಗೆ ನೋಡಿ. ಯಂತ್ರ ಕುಯ್ ಎಂದು ಕೂಗುತ್ತಿದ್ದರೆ ಮೋಲ್ಡ್ ಸಡಿಲವಾಗಿರಬಹುದು. ಪುಟ್ಟ ಕಿವಿ ಬೇಗ ಬೆಳೆಯುವುದರಿಂದ ಕೆಲವೇ ತಿಂಗಳಿಗೆ ಹೊಸದು ಬೇಕಾಗುತ್ತದೆ.

ಈಗ ಆಟ. ಮಗುವಿನ ಎದುರು, ಒಂದು ಮೀಟರಿನೊಳಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಿ. ಬೇಕಿದ್ದರೆ ಬೋರಲಾಗಿ ಮಲಗಿ. ಚೆಂಡನ್ನು ನಿಮ್ಮ ಕೆನ್ನೆಯ ಪಕ್ಕಕ್ಕೆ ತನ್ನಿ. ಅದರ ಹಿಂದೆಯೇ ಮಗುವಿನ ನೋಟ ಮುಖದ ತನಕ ಬರುತ್ತದೆ. ಬಂದಾಗ ಮಾತ್ರ ಚೆಂಡಿನ ಸನ್ನೆ ಮಾಡಿ, ಮಾತನ್ನೂ ಸೇರಿಸಿ. ಆಮೇಲೆ ಸುಮ್ಮನೆ ತಡೆಯಿರಿ: ಹುಬ್ಬೇರಿಸಿ, ಉಸಿರು ಹಿಡಿದು, ‘ಬಿಡ್ತೀನಿ, ಬಿಡ್ತೀನಿ’ ಎನ್ನುವ ಮುಖ ಮಾಡಿ. ಮಗು ಮತ್ತೆ ನಿಮ್ಮನ್ನು ನೋಡಿದ ಕೂಡಲೇ ಉರುಳಿಸಿ. ಕೇಕೆ ಹಾಕುವುದು ಸಾಮಾನ್ಯವಾಗಿ ಇಲ್ಲಿಯೇ. ಕಣ್ಣೆತ್ತಿದರೆ ಚೆಂಡು ಬರುತ್ತದೆ ಎಂದು ಗೊತ್ತಾದ ಮಗುವನ್ನು ‘ಇಲ್ಲಿ ನೋಡು’ ಎಂದು ಕರೆಯಬೇಕಾಗಿಲ್ಲ.

ಕಣ್ಣೆತ್ತದಿದ್ದರೆ? ಹತ್ತು ಎಣಿಸುವಷ್ಟು ಕಾಯಿರಿ. ಆಗಲೂ ಎತ್ತದಿದ್ದರೆ ನಿಮ್ಮ ಕೈಯನ್ನೇ ಅದು ನೋಡುತ್ತಿರುವ ಕಡೆ ತಂದು ಚೆಂಡಿನ ಪಕ್ಕದಲ್ಲೇ ಸನ್ನೆ ಮಾಡಿ. ಭುಜ ಮೆಲ್ಲಗೆ ತಟ್ಟಬಹುದು. ಗದ್ದ ಹಿಡಿದು ತಿರುಗಿಸುವುದು ಬೇಡವೇ ಬೇಡ, ಮುಖ ನೋಡುವುದೇ ಬೇಸರದ ಕೆಲಸವಾಗಿಬಿಡುತ್ತದೆ. ನೆಲ ಕುಟ್ಟಿ ಕರೆಯುವ ಉಪಾಯ ಮರದ ಮಂಚದ ಮೇಲೆ ಫಲಿಸುತ್ತದೆ, ಸಿಮೆಂಟು ನೆಲದಲ್ಲಿ ಅದುರುವುದು ಅಷ್ಟಾಗಿ ತಿಳಿಯುವುದಿಲ್ಲ.

ಉರುಳಿಸಾಟ ಹಳತಾದಾಗ ಚೆಂಡಿಗೆ ಟವೆಲ್ ಮುಚ್ಚಿ, ಎರಡೂ ಅಂಗೈ ಬಿಡಿಸಿ ‘ಎಲ್ಲಿ?’ ಎಂಬಂತೆ ಮುಖ ಮಾಡಿ. ಮಗು ಸನ್ನೆಯನ್ನು ಸೊಟ್ಟಗೆ ಮಾಡಿದರೂ ಉತ್ತರ ಕೊಡಿ, ತಿದ್ದಬೇಡಿ. ‘ಇದೇನು? ಬಣ್ಣ ಯಾವುದು?’ ಎಂದು ಶುರುವಿಟ್ಟರೆ ಆಟ ಹೋಗಿ ಪರೀಕ್ಷೆಯಾಯಿತು. ಮುಖ ತಿರುಗಿಸಿತೋ, ಕಣ್ಣುಜ್ಜಿತೋ, ಅಲ್ಲಿಗೆ ನಿಲ್ಲಿಸಿ. ನೋಡಿ ನೋಡಿ ಕಣ್ಣು ದಣಿಯುತ್ತದೆ.

ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಭಾರತೀಯ ಸಂಜ್ಞಾ ಭಾಷೆಯ 10,000 ಪದಗಳ ನಿಘಂಟು ವಿಡಿಯೊ ರೂಪದಲ್ಲಿದೆ. ಮನೆಯವರೆಲ್ಲ ಒಂದೇ ಸನ್ನೆ ಬಳಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲಿನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ.

ಯಂತ್ರದ ಗುಂಡಿ ಬ್ಯಾಟರಿ ಮಾತ್ರ ಆಟಿಕೆಯಾಗದಿರಲಿ. ಬೀಗವಿರುವ ಬ್ಯಾಟರಿ ಬಾಗಿಲನ್ನೇ ಕೇಳಿ ಹಾಕಿಸಿ, ಹಳೆಯ ಬ್ಯಾಟರಿಗಳನ್ನು ಎತ್ತರದಲ್ಲಿಡಿ. ನುಂಗಿದರೆ, ಮೂಗಿಗೆ ತುರುಕಿಕೊಂಡರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.