ಎಲ್‌ಎನ್‌ಜಿ ನಾಜಲ್ ಸೋರದಂತೆ ನಾನು ನೋಡಿಕೊಳ್ಳುವ ಬಗೆ

ಎಲ್‌ಎನ್‌ಜಿ ಎಂದರೆ ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ, ಹೆಚ್ಚಿನ ಪಾಲು ಮೀಥೇನ್. ಅದನ್ನು ಲಾರಿಗೆ ತುಂಬುವ ನಾಜಲ್ ಸೋರಿದರೆ ಎಲ್ಲರೂ ಮೊದಲು ಸೀಲನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ಸೀಲು ಹಾಳಾಗುವ ಮೊದಲೇ ಅಲ್ಲಿ ತೇವ ಸೇರಿರುತ್ತದೆ. ಈ ದ್ರವ ಕುದಿಯುವುದೇ ಸುಮಾರು −162 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತುಮಕೂರಿನ ಕಡೆ ಮಳೆಗಾಲದಲ್ಲಿ ಒಂದು ಲಾರಿಗೆ ತುಂಬಿ ನಾಜಲ್ ಬಿಚ್ಚಿದ ಕೂಡಲೇ ಅದರ ಬಾಯಿಗೆ ಐಸ್ ಕಟ್ಟತೊಡಗುತ್ತದೆ. ಒರೆಸದೆ ಮುಂದಿನ ಲಾರಿಯ ರಿಸೆಪ್ಟಕಲ್‌ಗೆ (ನಾಜಲ್ ಕೂರುವ ಬಾಯಿಗೆ) ಒತ್ತಿದರೆ ಐಸಿನ ಹರಳು ಸೀಲಿನ ಅಂಚನ್ನು ಗೀರುತ್ತದೆ. ಸ್ಪ್ರಿಂಗಿನ ಬಲದಿಂದ ತಾನೇ ಮುಚ್ಚಿಕೊಳ್ಳುವ ಪಾಪೆಟ್ ವಾಲ್ವಿನಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಚ್ಚುವಾಗ ದ್ರವ ಹೊರಗೆ ಚಿಮ್ಮುತ್ತದೆ.

ಹಾಗಾಗಿ ಪ್ರತಿ ಸಲವೂ ಜೋಡಿಸುವ ಮೊದಲು ಒಣ ನೈಟ್ರೋಜನ್ ಊದುತ್ತೇನೆ. ರಿಸೆಪ್ಟಕಲ್‌ನ ಮುಚ್ಚಳ ತೆಗೆದು ಅದರ ಮುಖಕ್ಕೆ, ಆಮೇಲೆ ನಾಜಲ್ ಬಾಯಿಗೆ, ಸೀಲಿನ ಸುತ್ತ, ಲಾಕ್ ಕೂರುವ ಸಂದುಗಳಿಗೆ. ಕಂಪ್ರೆಸರ್ ಗಾಳಿಯಾದರೆ ಡ್ರೈಯರ್ ಇರಲೇಬೇಕು. ಪಂಕ್ಚರ್ ಅಂಗಡಿಯ ಗಾಳಿ ಊದಿದರೆ ನಾವೇ ನೀರು ಹಾಕಿದಂತೆ. ಬಿಸಿನೀರು ಸುರಿಯುವವರೂ ಇದ್ದಾರೆ, ದಯವಿಟ್ಟು ಬೇಡ. ಹೊರಗಿನ ಐಸ್ ಕರಗುತ್ತದೆ, ಆದರೆ ಆ ನೀರು ಒಳಗಿಳಿದು ಸ್ಪ್ರಿಂಗಿನ ಸುತ್ತ ಮತ್ತೆ ಗಡ್ಡೆಯಾಗುತ್ತದೆ. ಗ್ರೀಸ್ ಕೂಡ ಈ ಚಳಿಗೆ ಕಲ್ಲಾಗುತ್ತದೆ.

ಸೀಲು ಟೆಫ್ಲಾನಿನದು. ಇಷ್ಟು ತಣ್ಣಗಾದಾಗ ಟೆಫ್ಲಾನ್ ಸುಮಾರು ಶೇ 2ರಷ್ಟು ಕುಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಶೇ 0.3ರಷ್ಟು ಮಾತ್ರ. ಈ ಅಂತರ ತುಂಬಲೆಂದೇ ಸೀಲಿನೊಳಗೆ ಸ್ಟೀಲ್ ಸ್ಪ್ರಿಂಗ್ ಇರುತ್ತದೆ. ಅದು ಬಾಗಿದ್ದರೆ ಬೆಚ್ಚಗಿರುವಾಗ ಸೋಪುನೀರಿನಲ್ಲಿ ಒಂದು ಗುಳ್ಳೆಯೂ ಬರುವುದಿಲ್ಲ, ತಣ್ಣಗಾದ ಮೇಲೆ ಸೋರುತ್ತದೆ. ಸೀಲು ಬದಲಿಸಿದ ಮೇಲೆ ದ್ರವ ಹರಿಸಿ, ನಾಜಲ್ ತಣ್ಣಗಾದ ಬಳಿಕ ಮೀಥೇನ್ ಡಿಟೆಕ್ಟರ್ ಹಿಡಿದರೇ ಸತ್ಯ ಗೊತ್ತಾಗುವುದು. ಹೊಸ ಸೀಲು ಕೂರಿಸುವಾಗ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಆ ಒಂದು ಗೀರು ಸಾಕು.

ಬಿಚ್ಚುವಾಗ ಆತುರ ಸಲ್ಲದು. ನಾಜಲ್ ಮತ್ತು ರಿಸೆಪ್ಟಕಲ್‌ನ ವಾಲ್ವ್‌ಗಳ ನಡುವೆ ಸ್ವಲ್ಪ ದ್ರವ ಉಳಿದಿರುತ್ತದೆ. ಆವಿಯಾದರೆ ಅದು ಸುಮಾರು 600 ಪಟ್ಟು ಹಿಗ್ಗುತ್ತದೆ. ನಾಜಲನ್ನು ಅರ್ಧ ತಿರುವಿನ ತಡೆಯವರೆಗೆ ತಿರುಗಿಸಿ ನಿಲ್ಲಿಸುತ್ತೇನೆ, ಬುಸ್ ಸದ್ದು ಪೂರ್ತಿ ನಿಂತ ಮೇಲೆಯೇ ಎಳೆಯುತ್ತೇನೆ. ಮುಖಕ್ಕೆ ಶೀಲ್ಡ್, ಕೈಗೆ ಅತಿ ಚಳಿ ತಡೆಯುವ ಸಡಿಲ ಕ್ರಯೋ ಗ್ಲೌಸ್: ಒಳಗೆ ದ್ರವ ಹೋದರೆ ಕೊಡವಿ ಬಿಸಾಡಲು ಬರಬೇಕು. ನಾಜಲ್ ಅಂಟಿಕೊಂಡರೆ ಸುತ್ತಿಗೆ ಮುಟ್ಟಬೇಡಿ. ನೈಟ್ರೋಜನ್ ಊದುತ್ತ ಕಾಯಿರಿ, ಬಿಡುತ್ತದೆ.

ಅಡುಗೆ ಗ್ಯಾಸಿಗೆ ವಾಸನೆ ಇರುತ್ತದೆ, ಎಲ್‌ಎನ್‌ಜಿಗೆ ಇಲ್ಲ. ಕಣ್ಣಿಗೆ ಕಾಣುವ ಬಿಳಿ ಹೊಗೆ ಗಾಳಿಯ ತೇವವಷ್ಟೇ, ಗ್ಯಾಸ್ ಅದರಾಚೆಗೂ ಹರಡಿರಬಹುದು. ತಣ್ಣನೆಯ ಆವಿ ಗಾಳಿಗಿಂತ ಭಾರ. ಡಿಟೆಕ್ಟರನ್ನು ನಾಜಲ್ ಬಳಿ ಹಿಡಿದ ಮೇಲೆ ನೆಲದ ಹತ್ತಿರವೂ, ಕೇಬಲ್ ಗುಂಡಿಯ ಬಾಯಲ್ಲೂ ಹಿಡಿದು ನೋಡಿ.