ಚಿಕ್ಕಮ್ಮ ಆಕಳಿಸಿದ 40 ಪುಟ: ನಾನು ಕಾದಂಬರಿ ಮುಗಿಸಿ ಮಾರಿದ ಬಗೆ

"ಗೌರವ ಪ್ರತಿ ಅಂತ ಪುಕ್ಕಟೆ ಹಂಚದೆ ಕನ್ನಡದಲ್ಲಿ ಪುಸ್ತಕ ಓಡಲ್ಲ ಕಣಯ್ಯ" ಅಂತ ನನಗೆ ಹೇಳಿದವರು ಕಡಿಮೆ ಅಂದರೂ ಎಂಟು ಜನ. ಅವರಲ್ಲಿ ಮೂವರು ಸ್ವಂತ ಪುಸ್ತಕ ತಂದವರು. ನನ್ನ 500 ಪ್ರತಿಯಲ್ಲಿ ಈಗ ಉಳಿದಿರುವುದು ಐವತ್ತು ಚಿಲ್ಲರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇರುತ್ತೆ, ಸಹಿಸಿಕೊಳ್ಳಿ.

ತಿಪಟೂರಿನಲ್ಲಿ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕಟ್ಟುವ ಕೆಲಸ. ಕಾದಂಬರಿ ಶುರು ಮಾಡಿದ್ದು 2021ರಲ್ಲಿ, ಕೊಬ್ಬರಿ ವ್ಯಾಪಾರದ ಒಂದು ಮನೆಯ ಕಥೆ. ಹನ್ನೊಂದನೇ ಅಧ್ಯಾಯಕ್ಕೆ ಬಂದು ಬೇರಿಂಗ್ ಜಾಮ್ ಆದ ಹಾಗೆ ನಿಂತಿತು, ಎರಡು ವರ್ಷ ಅಲ್ಲಾಡಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದೆ. ನಿದ್ದೆಗೆಟ್ಟು ಹಗಲು ಕಾಯಿಲ್‌ನ ಸುತ್ತು ತಪ್ಪಾಗಿ ಎಣಿಸಿ, ಕಟ್ಟಿಕೊಟ್ಟ ಮೋಟಾರ್ ವಾರದೊಳಗೆ ಸುಟ್ಟು ವಾಪಸ್ ಬಂತು. ಸಕಲೇಶಪುರದ ಕಡೆ ಒಂದು ಹೋಂಸ್ಟೇಗೆ ಹೋದೆ, ಎರಡು ದಿನಕ್ಕೆ ಆರು ಸಾವಿರ ಖರ್ಚಾಗಿ ನಾಲ್ಕು ಪುಟ ಬಂತು. ಪುಟಕ್ಕೆ ಒಂದೂವರೆ ಸಾವಿರ! ಆ ನಾಲ್ಕೂ ಬರೀ ಮಂಜು, ಮಳೆ. ಆಮೇಲೆ ಹರಿದು ಹಾಕಿದೆ.

2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8 ಸಾವಿರದ ಆಸುಪಾಸಿಗೆ ಇಳಿಯಿತಲ್ಲ, ಬೆಂಬಲ ಬೆಲೆ 11,750 ಇದ್ದ ವರ್ಷ, ಆಗ ರಿಪೇರಿಗೆ ಬರುವವರೆಲ್ಲ ಸಾಲ ಹೇಳತೊಡಗಿದರು. ನಾನು ಬೇಗ ಬಾಗಿಲು ಹಾಕಿ ಮನೆಗೆ ಬರುತ್ತಿದ್ದೆ. ಚಿಕ್ಕಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಟಿವಿ ನೋಡುವ ಹಾಗಿರಲಿಲ್ಲ. "ಏನಾರ ಹೇಳ್ಲಾ, ಹೊತ್ತೇ ಹೋಗಕಿಲ್ಲ" ಅಂದರು. ನನಗೆ ಬೇರೆ ಏನು ಬರುತ್ತೆ, ಕಾದಂಬರಿಯನ್ನೇ ಹೇಳಿದೆ. ನಾನು ಬರೆದದ್ದು ಅನ್ನಲಿಲ್ಲ, ಯಾರದೋ ಮನೆ ಸುದ್ದಿ ಅನ್ನುವ ಹಾಗೆ. ಹನ್ನೊಂದಕ್ಕೆ ಬಂದು ಬಾಯಿ ಮುಚ್ಚಿದಾಗ ಕೇಳಿದರು ನೋಡಿ, "ಆಮೇಲೇನಾತ್ಲಾ?" ಸುಮ್ಮನಿರೋಕೆ ಆಗಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅದೇ ಹನ್ನೆರಡನೇ ಅಧ್ಯಾಯ ಆಯಿತು.

ಮಾರನೇ ದಿನದಿಂದ ಜೇಬಿನಲ್ಲಿ ಮೊಬೈಲ್ ರೆಕಾರ್ಡಿಂಗ್ ಹಾಕಿಕೊಂಡೇ ಕೂರುತ್ತಿದ್ದೆ. ದಿನಾ ಅರ್ಧ ಗಂಟೆ, ಮೂರು ತಿಂಗಳ ಮೇಲೆ ಸ್ವಲ್ಪ. ಧ್ವನಿಯಿಂದ ತಾನೇ ಟೈಪ್ ಆಗುವ ಆ್ಯಪ್‌ಗೆ ಕೊಟ್ಟು ನೋಡಿದೆ. ನಮ್ಮ ಕಡೆ ಮಾತನ್ನೆಲ್ಲ ಅದು ವಾರ್ತೆ ಓದುವ ಕನ್ನಡ ಮಾಡಿಬಿಡುತ್ತಿತ್ತು, ಪೂರ್ಣವಿರಾಮದ ಗೊಡವೆಯೇ ಇಲ್ಲ. ಬಿಟ್ಟು, ಕಿವಿಗೆ ಇಯರ್‌ಫೋನ್ ಹಾಕಿ ಕೈಯಲ್ಲೇ ಟೈಪ್ ಮಾಡಿದೆ. ಅದೇ ಒಳ್ಳೇದಾಯಿತು. ಎಲ್ಲಿ ಚಿಕ್ಕಮ್ಮ ಆಕಳಿಸಿದ್ದಾರೆ ಅಂತ ಕೇಳಿಸುತ್ತೆ. ಗಾಂಧಿಯವರು ಬಂದು ಹೋದ ಕಾಲದ ಒಂದು ಫ್ಲ್ಯಾಶ್‌ಬ್ಯಾಕ್ ಇತ್ತು, 40 ಪುಟ, ನನಗೆ ಭಾರಿ ಹೆಮ್ಮೆ ಅದರ ಮೇಲೆ. ಅಲ್ಲಿ ಗೊರಕೆಯೇ ರೆಕಾರ್ಡ್ ಆಗಿದೆ. ತೆಗೆದೆ. ಇನ್ನೊಂದು ಕಡೆ ಸೊಸೆ ಮನೆ ಬಿಟ್ಟು ಹೋಗುತ್ತಾಳೆ. "ಅವ್ಳಿಗೇನ್ ಬುದ್ಧಿ ಇಲ್ವಾ, ಒಡವೆ ಬಿಟ್ಟು ಹಂಗೇ ಹೋಗಾಕೆ?" ಅಂದರು. ನಿಜ ಅಲ್ವಾ! ಒಡವೆ ಹೊತ್ತು ಹೋದ ಮೇಲೆ ಮುಂದಿನ ಐದು ಅಧ್ಯಾಯಕ್ಕೆ ಕಥೆ ತಾನಾಗಿ ಸಿಕ್ಕಿತು.

ಇದರ ಮಧ್ಯೆ ಒಂದು ಹುಚ್ಚಾಟವೂ ಆಯಿತು. ಆ ರೆಕಾರ್ಡಿಂಗ್‌ಗಳನ್ನೇ ಯೂಟ್ಯೂಬ್‌ಗೆ ಹಾಕಿದೆ, ಹಿಂದೆ ಎಲೆ ಅಡಿಕೆ ಕುಟ್ಟುವ ಸದ್ದು ಸಮೇತ. ನೋಡಿದವರು 40 ಜನ. ಅದರಲ್ಲಿ ನಾನೇ ಹದಿನೈದು ಸಲ ಇರಬೇಕು.

ಹಸ್ತಪ್ರತಿ ಮುಗಿದ ಮೇಲೆ ಒಬ್ಬ ಪ್ರಕಾಶಕರು ಹದಿನಾಲ್ಕು ತಿಂಗಳು ಇಟ್ಟುಕೊಂಡು "ಸ್ವಲ್ಪ ಉದ್ದ ಆಯಿತು" ಅಂದರು. ಇನ್ನೊಬ್ಬರು 45 ಸಾವಿರ ಕೇಳಿ, ನೂರು ಪ್ರತಿ ಕೊಡುತ್ತೇವೆ ಅಂದರು. ಆ ದುಡ್ಡಿಗೆ ನಾನೇ ಅಚ್ಚು ಹಾಕಿಸಬಹುದಲ್ಲ. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ನಂಬರ್, ಅದನ್ನು ಮಾಡಿಸಿಕೊಡೋಕೆ ಒಬ್ಬ ಮಧ್ಯವರ್ತಿ ಮೂರು ಸಾವಿರ ಕೇಳಿದ. ಅದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಲ್ಲಿ ಉಚಿತ, ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು.

ಡಿಟಿಪಿಯಲ್ಲಿ ಸರಿಯಾಗಿ ಸಿಕ್ಕಿಬಿದ್ದೆ. ನಾನು ಟೈಪ್ ಮಾಡಿದ್ದು ಮೊಬೈಲು, ಇಂಟರ್ನೆಟ್ಟಿನಲ್ಲೆಲ್ಲ ಓಡುವ ಯೂನಿಕೋಡ್ ಅಕ್ಷರ, ಅವರದು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್, ನುಡಿ ಫಾಂಟು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ 'ರ‍್ಯಾಂಕ್' ಇದ್ದ ಕಡೆಯೆಲ್ಲ ಅರ್ಕಾವತ್ತು ಬಂದು ಕೂತಿತು. ಎರಡನೇ ಕರಡಿನಲ್ಲಿ ಕಣ್ಣಿಗೆ ಬಿತ್ತು. ಕರಡು ತಿದ್ದುವವರಿಗೆ ಎರಡು ಸುತ್ತಿಗೆ ನಾಲ್ಕೂವರೆ ಸಾವಿರ ಕೊಟ್ಟೆ, ಅಷ್ಟು ಖರ್ಚಿನಲ್ಲಿ ಒಂದು ರೂಪಾಯಿಗೂ ಬೇಜಾರಿಲ್ಲದ ಬಾಬತ್ತು ಅದೊಂದೇ.

ಲೇಔಟ್ ಆದಾಗ 231 ಪುಟ ಬಂತು. 16 ಪುಟಕ್ಕೆ ಒಂದು ಫಾರಂ, ಅಂದರೆ ಹದಿನಾಲ್ಕು ಫಾರಂ ಆಗಿ ಏಳು ಪುಟ ಹೊರಗೆ. ಆ ಏಳಕ್ಕೋಸ್ಕರ ಇನ್ನೊಂದು ಫಾರಂ ದುಡ್ಡು ತೆರಬೇಕು. ಹಿರಿಯರೊಬ್ಬರ ಮುನ್ನುಡಿಗೆ ಅಂತ ಆರು ಪುಟ ಖಾಲಿ ಬಿಟ್ಟಿದ್ದೆ, ಐದು ತಿಂಗಳಿಂದ "ಬರೀತೀನಿ, ಬರೀತೀನಿ" ಅನ್ನುತ್ತಿದ್ದರು. ಮುನ್ನುಡಿ ಕೈಬಿಟ್ಟೆ, ನನ್ನ 'ಲೇಖಕನ ಮಾತು' ಒಂದು ಪುಟ ಮೊಟಕು ಮಾಡಿದೆ, 224ಕ್ಕೆ ಕೂತಿತು. ಮುನ್ನುಡಿ ಯಾಕಿಲ್ಲ ಅಂತ ಇವತ್ತಿನವರೆಗೆ ಒಬ್ಬ ಓದುಗನೂ ಕೇಳಿಲ್ಲ. ಮುಖಪುಟ ಎರಡು ಬರೆಸಿ, ಕಲರ್ ಪ್ರಿಂಟ್ ತೆಗೆಸಿ, ಹಳೇ ಪುಸ್ತಕಗಳಿಗೆ ಸುತ್ತಿ ಟೀ ಅಂಗಡಿ ಬೆಂಚಿನ ಮೇಲೆ ಇಟ್ಟು ದೂರದಿಂದ ನೋಡುತ್ತ ಕೂತೆ. ನನಗೆ ಇಷ್ಟವಾಗಿದ್ದನ್ನು ಯಾರೂ ಮುಟ್ಟಲಿಲ್ಲ.

ಇನ್ನು ಮಾರಾಟ. ನನ್ನ ಫೋನಿನಲ್ಲಿ ಸುಮಾರು 900 ನಂಬರ್ ಇವೆ, ಬಹಳಷ್ಟು 'ನೊಣವಿನಕೆರೆ 7.5 ಎಚ್‌ಪಿ', 'ಹೊನ್ನವಳ್ಳಿ ತೋಟ 5 ಎಚ್‌ಪಿ' ಅಂತಲೇ. ಇವರು ಪುಸ್ತಕ ಕೊಳ್ಳುತ್ತಾರಾ ಅಂತ ಎಲ್ಲರೂ ನಕ್ಕರು. ಗುಂಪಿಗೆ ಒಂದೇ ಮೆಸೇಜ್ ತಳ್ಳಲಿಲ್ಲ. ದಿನಕ್ಕೆ ಇಪ್ಪತ್ತು ಜನರಂತೆ ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದೆ. 250ರ ಪುಸ್ತಕ ಅಚ್ಚಿಗೆ ಮುಂಚೆ 200, ಅಂಚೆ ನನ್ನದು. ಮೆಸೇಜಿನಲ್ಲಿ ಏನು ಬರೆದೆ ಅಂತ ಮಾತ್ರ ಹೇಳಲ್ಲ, ಎರಡನೇ ಪುಸ್ತಕಕ್ಕೂ ಅದೇ ಬೇಕು. 187 ಜನ ದುಡ್ಡು ಹಾಕಿದರು. ಬಂದ ಮೂವತ್ತೇಳು ಸಾವಿರ ಚಿಲ್ಲರೆಯಲ್ಲಿ ಪ್ರೆಸ್ಸಿನ ಮುಕ್ಕಾಲು ಬಿಲ್ ಮುಗಿಯಿತು, ಅಚ್ಚಿನ ಬಿಲ್ 41 ಸಾವಿರದ ಹತ್ತಿರ ಆಗಿತ್ತು... ಮುಕ್ಕಾಲಲ್ಲ, ಅದಕ್ಕಿಂತ ಜಾಸ್ತಿಯೇ. ಯಾವ ಪ್ರೆಸ್, ಆ ರೇಟಿಗೆ ಕಾಗದ ಹೇಗೆ ಸಿಕ್ಕಿತು ಅಂತಲೂ ಕೇಳಬೇಡಿ.

ಅಂಚೆಯಲ್ಲಿ ಕೈ ಸುಟ್ಟುಕೊಂಡೆ. ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂದುಕೊಂಡು ಪ್ರತಿಗೆ 25 ರೂಪಾಯಿ ಲೆಕ್ಕ ಹಿಡಿದಿದ್ದೆ. ಕೌಂಟರಿಗೆ ಹೋದರೆ ಆ ಸೌಲಭ್ಯ 2024ರ ಡಿಸೆಂಬರ್‌ನಲ್ಲೇ ನಿಂತುಹೋಗಿತ್ತು. 60ರ ಹತ್ತಿರ ಬಿತ್ತು. ಹೊರಊರಿನವು ನೂರು ಚಿಲ್ಲರೆ ಇದ್ದವು, ಲೆಕ್ಕಕ್ಕಿಂತ ನಾಲ್ಕು ಸಾವಿರ ಹೆಚ್ಚಿಗೆ ಅಲ್ಲೇ ಹೋಯಿತು.

ಬಿಡುಗಡೆಗೆ ಬೆಂಗಳೂರಿನ ಹಾಲ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಕೊಬ್ಬರಿ ಹರಾಜಿನ ದಿನ ಸಂಜೆ ಇಟ್ಟೆ, ಅಂಗಡಿ ಎದುರಿಗೇ ಶಾಮಿಯಾನ. ಹರಾಜಿನ ದಿನ ಹಳ್ಳಿಯವರು ಹೇಗೂ ಪೇಟೆಗೆ ಬಂದಿರುತ್ತಾರೆ, ಜೇಬಿನಲ್ಲಿ ನಾಲ್ಕು ಕಾಸೂ ಇರುತ್ತೆ. ಮುಖ್ಯ ಅತಿಥಿ ಇಲ್ಲ, ಶಾಲು ಹಾರ ಇಲ್ಲ, ಟೀ ಮತ್ತು ಖಾರಾಬೂಂದಿ. ಮೈಕ್ ಆನ್ ಮಾಡುವ ಹೊತ್ತಿಗೆ ಕರೆಂಟ್ ಹೋಯಿತು. ಊರಿನ ಅರ್ಧ ಮೋಟಾರ್ ಕಟ್ಟಿದವನ ಕಾರ್ಯಕ್ರಮದಲ್ಲೇ! ಚಿಕ್ಕಮ್ಮ ರಿಬ್ಬನ್ ಬಿಚ್ಚಿ, ಪುಸ್ತಕ ತಿರುಗಿಸಿ ನೋಡಿ, "ಇದು ನೀನು ಹೇಳಿದ್ದ ಆ ಮನೆ ಸುದ್ದೀನಾ? ಅವ್ರಿಗೆ ಗೊತ್ತಾದ್ರೆ ಬೈಯಕಿಲ್ವಾ?" ಅಂದರು. ಮೈಕ್ ಇಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು. ಅವತ್ತೇ 96 ಪ್ರತಿ ಹೋದವು.

ಪುಸ್ತಕದ ಅಂಗಡಿಗಳಿಗೆ 40 ಪರ್ಸೆಂಟ್ ಕಮಿಷನ್‌ಗೆ ಎಂಬತ್ತು ಪ್ರತಿ ಕೊಟ್ಟಿದ್ದೆ, ಅರ್ಧ ದುಡ್ಡು ಇನ್ನೂ ಬರಬೇಕು. ಗೌರವ ಪ್ರತಿ ಕೊಟ್ಟಿದ್ದು ಹನ್ನೆರಡೇ. ಎಲ್ಲ ಕಳೆದು ಕೈಗೆ ಉಳಿದದ್ದು ಹನ್ನೆರಡು ಸಾವಿರದ ಹತ್ತಿರ, ಅಂದರೆ ಮೂರ್ನಾಲ್ಕು ಮೋಟಾರ್ ಕಟ್ಟಿದರೆ ಸಿಗುವಷ್ಟು. ಉಳಿದ ಐವತ್ತು ಚಿಲ್ಲರೆ ಪ್ರತಿ ಅಂಗಡಿ ಅಟ್ಟದಲ್ಲಿ ವಾರ್ನಿಷ್ ಡಬ್ಬದ ಪಕ್ಕ ಇವೆ. ಸ್ವಲ್ಪ ವಾಸನೆ ಹಿಡಿದಿದೆ, ಅದಕ್ಕೆ ರಿಯಾಯಿತಿ ಕೇಳಬೇಡಿ.