ಕುಬಸದ ದಿನವೇ ತಾರೀಖು ಹಿಡಿದೆ

‘ತವರಿಗೆ ಹೋದ ಬಾಣಂತಿ ಸಿಗಲ್ಲ ಬಿಡ್ರಿ’ ಅಂತ ಮೀಟಿಂಗಿನಲ್ಲಿ ನಕ್ಕವರೇ ಜಾಸ್ತಿ. ಬಾಗಲಕೋಟೆ ಕಡೆಯ ಒಂದು ತಾಲ್ಲೂಕಿನಲ್ಲಿ ನಾನು ಐಸಿಟಿಸಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರದ ಕೌನ್ಸೆಲರ್. 2014ರಿಂದ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣ ಎಷ್ಟೇ ಇರಲಿ, ಎಚ್‌ಐವಿ ಪಾಸಿಟಿವ್ ಗರ್ಭಿಣಿಗೆ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಔಷಧಿ ಇದೆ. ಈಗ ದಿನಕ್ಕೊಂದೇ ಟಿಎಲ್‌ಡಿ ಮಾತ್ರೆ. ಅದನ್ನು ತಪ್ಪದೆ ನುಂಗುತ್ತಾರೆ. ನಮ್ಮ ಕೈ ತಪ್ಪುತ್ತಿದ್ದದ್ದು ಮಗು. ಆರನೇ ವಾರ ಡಿಬಿಎಸ್‌ಗೆ, ಅಂದರೆ ಕೂಸಿಗೆ ಚುಚ್ಚಿ ಕಾರ್ಡಿನ ಮೇಲೆ ರಕ್ತದ ಹನಿ ಒಣಗಿಸಿ ಮಾಡುವ ಎಚ್‌ಐವಿ ಪರೀಕ್ಷೆಗೆ ಕರೆಯೋಣ ಅಂದರೆ ಊರಲ್ಲೇ ಇಲ್ಲ.

ಮೊದಲ ವರ್ಷ ರಿಜಿಸ್ಟರಿನ ವಿಳಾಸ ಹಿಡಿದು ಅಲೆದೆ. ಬಸ್ ಚಾರ್ಜಿಗೇ ಕೈಯಿಂದ ಮೂರ್ನಾಲ್ಕು ಸಾವಿರ ಹೋಯಿತು, ಬಿಲ್ ಇಲ್ಲ ಅಂತ ಒಂದು ಪೈಸೆ ವಾಪಸ್ ಬರಲಿಲ್ಲ. ಹತ್ತು ಹನ್ನೆರಡು ಮಕ್ಕಳಲ್ಲಿ ಐದು ಸಿಗಲೇ ಇಲ್ಲ. ಒಂದು ಮನೆಗಂತೂ ಎರಡು ಸಲ ಹೋಗಿ ಕೆಡಿಸಿಬಿಟ್ಟೆ. ಅತ್ತೆಗೆ ಅನುಮಾನ ಬಂತು. ಆ ಹುಡುಗಿ ವರ್ಷಗಟ್ಟಲೆ ನನ್ನ ಫೋನ್ ಎತ್ತಲಿಲ್ಲ. ತಪ್ಪು ನನ್ನದೇ.

ಆಮೇಲೆ ಗಂಡನ ಮನೆಯ ವಿಳಾಸ ಕೇಳುವುದನ್ನೇ ಬಿಟ್ಟೆ. ಕುಬಸ (ಸೀಮಂತ) ಯಾವಾಗ, ತವರು ಯಾವುದು, ಅಲ್ಲಿ ವಿಷಯ ಗೊತ್ತಿರುವವರು ಯಾರು? ಇಷ್ಟನ್ನೇ ಏಳನೇ ತಿಂಗಳೊಳಗೆ ಕೇಳಿಕೊಳ್ಳುತ್ತೇನೆ. ಅವಳು ಒಪ್ಪಿದರೆ ತವರಿನ ತಾಲ್ಲೂಕಿನ ಕೌನ್ಸೆಲರ್‌ಗೆ ಆಗಲೇ ಹೇಳಿಡುತ್ತೇನೆ. ಡಿಬಿಎಸ್ ದಿನ ಅಂದರೆ ಮೊದಲ ಪೆಂಟಾ ದಿನ. ಲಸಿಕೆಗೆ ಹೊರಟ ಬಾಣಂತಿಯನ್ನು ಯಾರೂ ಯಾಕೆ ಅಂತ ಕೇಳಲ್ಲ, ಅಲ್ವಾ? ಫೋನನ್ನು ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಅದು ಕೆಲಸಕ್ಕೆ ಬರಲ್ಲ.

ಮಗುವಿಗೆ ಎಚ್‌ಐವಿ ತಗುಲದಂತೆ ಕೊಡುವ ನೆವಿರಪಿನ್ ಸಿರಪ್ಪಿನದು ಇನ್ನೊಂದು ಕಥೆ. ಎರಡೂವರೆ ಕಿಲೋ ದಾಟಿದ ಮಗುವಿಗೆ ದಿನಕ್ಕೆ ಒಂದೂವರೆ ಎಂಎಲ್ ಅಂತ ಎಷ್ಟು ಹೇಳಿದರೂ ಅಜ್ಜಿಯರು ಅಂದಾಜಿಗೆ ಹಾಕುತ್ತಿದ್ದರು. ಸಿರಿಂಜಿಗೆ ಕೆಂಪು ನೇಲ್ ಪಾಲಿಶ್ ಗೆರೆ ಎಳೆದೆ. ಇಪ್ಪತ್ತು ರೂಪಾಯಿ ಬಾಟಲಿ, ವರ್ಷ ಬಂತು.

ಮಳೆಗಾಲದಲ್ಲಿ ಡಿಬಿಎಸ್ ಕಾರ್ಡ್ ಒಣಗಿಸುವುದೇ ತಲೆನೋವು. ನಾಲ್ಕು ಗಂಟೆ ಸಾಲಲ್ಲ. ಜಾಣತನ ಮಾಡಿ ಟೇಬಲ್ ಲ್ಯಾಂಪ್ ಕೆಳಗಿಟ್ಟೆ. ಶಾಖ ತಗುಲಿದ ಆ ಎರಡು ಕಾರ್ಡ್ ಕೆಟ್ಟವು, ಎರಡು ಕೂಸುಗಳಿಗೆ ಮತ್ತೆ ಚುಚ್ಚಬೇಕಾಯಿತು. ಈಗ ಹಳೇ ಬಳೆ ಸ್ಟ್ಯಾಂಡಿಗೆ ಒಂದಕ್ಕೊಂದು ತಾಗದಂತೆ ಸಿಕ್ಕಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸಿಲಿಕಾ ಜೆಲ್ ಜೊತೆ ಪ್ಯಾಕ್ ಮಾಡುತ್ತೇನೆ.

ಕಳೆದೆರಡು ವರ್ಷದಲ್ಲಿ ಸುಮಾರು ಇಪ್ಪತ್ತು ಮಕ್ಕಳು. ಆರನೇ ವಾರಕ್ಕೆ ತಪ್ಪಿದ್ದು ಒಂದೇ. ಹದಿನೆಂಟು ತಿಂಗಳು ಮುಗಿಸಿದವರೆಲ್ಲ ನೆಗೆಟಿವ್. ಮೀಟಿಂಗಿನಲ್ಲಿ ನಕ್ಕವರು ಈಗ ನನ್ನ ರಿಜಿಸ್ಟರಿನ ಫೋಟೋ ಕೇಳುತ್ತಾರೆ. ಹೆಸರುಗಳಿವೆಯಲ್ಲ, ಕೊಡಲ್ಲ. ಖಾಲಿ ಹಾಳೆಯ ಕಾಲಂ ಮಾತ್ರ ತೋರಿಸುತ್ತೇನೆ. ತಪ್ಪಿದ ಆ ಒಂದು ಮಗುವಿನ ಅಪ್ಪ ಅಮ್ಮ ಗೋವಾಕ್ಕೆ ದುಡಿಯಲು ಹೋದರು. ನಂಬರ್ ಸ್ವಿಚ್ ಆಫ್. ಶನಿವಾರ ಶನಿವಾರ ಒತ್ತಿ ನೋಡುತ್ತಿರುತ್ತೇನೆ.